ನಿಮ್ಮಪ್ಪ ಏನ್ಮಾಡ್ತಾರೆ?

ನಾನು ಇಂಗ್ಲಿಷ್ ಮೇಷ್ಟ್ರು. ಹೊಸಕೋಟೆ ತಾಲ್ಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿ ಈಗ ಸೂಲಿಬೆಲೆಯಲ್ಲಿ ಕೂತಿದ್ದೇನೆ. ಇಂಗ್ಲಿಷಿನ ಮೊದಲ ಪಾಠದಲ್ಲಿ ಮೂರು ಪ್ರಶ್ನೆ ಇರುತ್ತವೆ. ನಿನ್ನ ಹೆಸರೇನು? ನಿನ್ನ ಊರು ಯಾವುದು? ನಿಮ್ಮಪ್ಪ ಏನು ಮಾಡ್ತಾರೆ? ನಾನು ನೋಡಿದ ಪುಸ್ತಕಗಳಲ್ಲೆಲ್ಲ ಈ ಮೂರೇ. ಇವು ಪರಿಚಯ ಮಾಡಿಕೊಳ್ಳೋದಕ್ಕೆ, ಸ್ನೇಹ ಬೆಳೆಸೋದಕ್ಕೆ ಅಂತ ಪುಸ್ತಕ ಬರೆದ ಪುಣ್ಯಾತ್ಮರು ತಿಳಿದಿದ್ದಾರೆ. ನಮ್ಮ ಕಡೆ ಈ ಮೂರೂ ಜಾತಿ ತಿಳಿಯೋದಕ್ಕೆ. ಹೆಸರಲ್ಲಿ ಗೊತ್ತಾಗದಿದ್ದರೆ ಊರು, ಊರಲ್ಲಿ ಗೊತ್ತಾಗದಿದ್ದರೆ ಬೀದಿ, ಬೀದಿ ಬಾಯಿ ಬಿಡದಿದ್ದರೆ ಅಪ್ಪ. ಸೂಲಿಬೆಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಎಲೆ ಅಡಿಕೆ ಚಾಚುವ ಮುಂಚೆ ಮೂರನ್ನೂ ಮುಗಿಸಿರುತ್ತಾನೆ. ಮುಗಿದ ಮೇಲೆ ಎಷ್ಟೋ ಸಲ ಎಲೆ ಅಡಿಕೆ ಚಾಚುವುದೇ ಇಲ್ಲ.

ನಮ್ಮಪ್ಪ ನೀರಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು. ರಾತ್ರಿ ಲಾಟೀನು ಹಿಡಿದು ಕಾಲುವೆಗುಂಟ ಓಡಾಡುತ್ತಿದ್ದ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಮೊರದಲ್ಲಿ ಅಷ್ಟು ಭತ್ತ, ಅಷ್ಟು ರಾಗಿ. ಊರಿನ ಗದ್ದೆಗೆಲ್ಲ ನೀರು ಬಿಡುತ್ತಿದ್ದ ಮನುಷ್ಯ, ಊರ ಬಾವಿಯ ಹತ್ತಿರ ಬಂದರೆ ಯಾರಾದರೂ ಹುಯ್ಯಲಿ ಅಂತ ದೂರ ನಿಂತು ಕಾಯಬೇಕು. ನಾನು ಓದಿದವನು, ಒಂದಿನ ಕೇಳಿಯೇಬಿಟ್ಟೆ. "ತೂಬಿನ ನೀರು ಭೂಮಿಗೆ ಕಣಪ್ಪ, ಬಾವಿ ನೀರು ಬಾಯಿಗೆ" ಅಂದ. ಅವನಿಗೆ ಅದು ಲೆಕ್ಕ ಸರಿಹೋಗಿತ್ತು.

ನಾನು ಇಂಗ್ಲಿಷಿನ ಕಡೆ ತಿರುಗಿದ್ದಕ್ಕೆ ಕಾರಣ ಷೇಕ್ಸ್‌ಪಿಯರ್ ಅಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು, ಇಂಗ್ಲಿಷ್ ಕಲೀರಿ ಅಂದರು. ಆಮೇಲೆ ಏನೇನಾಯಿತು ಅನ್ನೋದು ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ದಲಿತ ಹುಡುಗರ ಮೇಲೆ ಕೈಮಾಡಿದರು, ಮಂತ್ರಿ ಕುರ್ಚಿ ಬಿಡಬೇಕಾಯಿತು. ನಾನಾಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಈ ಭಾಷೆಯಲ್ಲಿ ಅಂಥಾದ್ದು ಏನಿದೆ, ನಮ್ಮ ಕೈಗೆ ಬರುತ್ತೆ ಅಂದರೆ ಇವರಿಗೆ ಯಾಕೆ ಇಷ್ಟು ಉರಿ ಅಂತ ಹಟ ಹುಟ್ಟಿತು. ಬಿ.ಎಡ್. ಮಾಡಿದೆ, ಮೇಷ್ಟ್ರಾದೆ. ಬೆಂಗಳೂರಿನಲ್ಲಿ 1963ರಿಂದ ನಡೆದು ಬಂದಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋದೆ. ಆಂಧ್ರ, ಕೇರಳ, ತಮಿಳುನಾಡಿನ ಮೇಷ್ಟ್ರುಗಳೂ ಅಲ್ಲಿಗೆ ಬರುತ್ತಿದ್ದರು. ಅಲ್ಲಿಂದ ಮುಂದೆ ಒಂದು ವಿದ್ಯಾರ್ಥಿವೇತನ ಸಿಕ್ಕಿ 1986ರಲ್ಲಿ ಇಂಗ್ಲೆಂಡಿಗೆ ಒಂದು ವರ್ಷ. ಅವ್ವ ಎರಡು ಸೇರು ರಾಗಿಹಿಟ್ಟು ಕಟ್ಟಿಕೊಟ್ಟಳು. ಅಲ್ಲಿ ಚಳಿಯಂತೆ, ಮುದ್ದೆ ಉಂಡರೆ ತಡೀತದೆ ಅಂತ.

ಊರಿನ ಹೆಸರು, ಕಾಲೇಜಿನ ಹೆಸರು ಬೇಡ. ಉತ್ತರದ ಕಡೆಯ ಊರು, ಮಳೆ, ಇಟ್ಟಿಗೆ ಮನೆಗಳು. ನಮ್ಮ ತಂಡದಲ್ಲಿ ಹತ್ತು ಹನ್ನೆರಡು ದೇಶದ ಮೇಷ್ಟ್ರುಗಳು. ಭಾರತದವರು ನಾನು ಬಿಟ್ಟರೆ ಇನ್ನೊಬ್ಬರು, ಬೇರೆ ರಾಜ್ಯದವರು. ಮೊದಲ ದಿನ ನನ್ನ ಕಂಡು ತುಂಬಾ ಖುಷಿಪಟ್ಟರು. ಎರಡನೇ ದಿನ ಪೂರ್ತಿ ಹೆಸರು ಕೇಳಿದರು. ಮೂರನೇ ದಿನ ಊಟದ ಹಾಲಿನಲ್ಲಿ ನನ್ನ ತಟ್ಟೆ ನೋಡಿದರು. ತಟ್ಟೆಯಲ್ಲಿ ದನದ ಮಾಂಸ ಇತ್ತು. ಪಕ್ಕದ ಬಿಳಿಯನ ತಟ್ಟೆಯಲ್ಲೂ ಅದೇ ಇತ್ತು, ಅದು ಅವರ ಕಣ್ಣಿಗೆ ಬೀಳಲಿಲ್ಲ. ನಾಲ್ಕನೇ ದಿನದಿಂದ "ಹಲೋ" ಒಂದೇ ಉಳಿಯಿತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯ ಕೂಡದು ಅಂತ ಕಾನೂನು ಮಾಡಿದಾಗ, ಅಲ್ಲೆಲ್ಲಿಂದ ಬಂತಪ್ಪಾ ಜಾತಿ ಅಂತ ನಮ್ಮವರು ಕೆಲವರು ಆಶ್ಚರ್ಯಪಟ್ಟರು. ನನಗೆ ಆ ತಟ್ಟೆ ನೆನಪಾಯಿತು.

ತರಗತಿಯಲ್ಲಿ ಆಗ ಹೊಸದಾಗಿ ಜೋರಾಗಿದ್ದದ್ದು ಪೇರ್ ವರ್ಕ್. ಮೇಷ್ಟ್ರು ಬಾಯಿ ಮುಚ್ಚಬೇಕು, ಮಕ್ಕಳು ಇಬ್ಬಿಬ್ಬರಾಗಿ ಮಾತಾಡಬೇಕು. ಅದನ್ನು ಕಲಿಸೋ ಮುಂಚೆ ನಾವೇ ಮಾಡಬೇಕು. ನನಗೆ ಜೊತೆಯಾದದ್ದು ಜಪಾನಿನ ಒಸಾಕಾದ ಕಡೆಯ ಒಬ್ಬ ಟೀಚರು. ಪ್ರಶ್ನೆ ಅವೇ ಮೂರು. ಹೆಸರಿಗೆ ಹೆಸರು ಹೇಳಿದೆ. ಊರಿಗೆ ಬೆಂಗಳೂರು ಅಂದೆ. ವಾಟ್ ಡಸ್ ಯುವರ್ ಫಾದರ್ ಡು? ಫಾರ್ಮರ್ ಅಂದುಬಿಟ್ಟೆ. ಆಕೆ ಬಿಡಲಿಲ್ಲ, ಮಾತು ಬೆಳೆಸಬೇಕು ಅನ್ನೋದೇ ಪಾಠ. ಎಷ್ಟು ಜಮೀನು ಅಂದರು. ಐದೆಕರೆ ಅಂದೆ. ನಮ್ಮಪ್ಪನಿಗೆ ಐದು ಗುಂಟೆಯೂ ಇರಲಿಲ್ಲ. ಏಳು ಸಮುದ್ರ ದಾಟಿ, ನನ್ನ ಜಾತಿಯ ಹೆಸರನ್ನೇ ಕೇಳದಿರುವ ಹೆಂಗಸಿನ ಮುಂದೆ ಐದೆಕರೆ ಜಮೀನು ಸೃಷ್ಟಿಮಾಡಿಕೊಂಡು ಕೂತಿದ್ದೆ. ಯಾರಿಗೆ ಹೆದರಿದೆ ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಸ್ನೇಹ ಆದದ್ದು ತರಗತಿಯಲ್ಲಲ್ಲ, ಅಡಿಗೆಮನೆಯಲ್ಲಿ. ಹಾಸ್ಟೆಲಿನ ಮಹಡಿಗೊಂದು ಅಡಿಗೆಮನೆ, ನಮ್ಮದರಲ್ಲಿ ನಾನು, ಆ ಟೀಚರು, ತಾಂಜಾನಿಯಾದ ಒಬ್ಬ ಮೇಷ್ಟ್ರು. ಅವನು ಒಂದು ಭಾನುವಾರ ಜೋಳದ ಹಿಟ್ಟು ಕುದಿಯುವ ನೀರಿಗೆ ಹಾಕಿ ಮರದ ಸೌಟಲ್ಲಿ ತೊಳಸತೊಡಗಿದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಥೇಟ್ ನಮ್ಮವ್ವ ಮುದ್ದೆ ತೊಳಸೋ ಹಾಗೆ! ಉಗಾಲಿ ಅಂತಾರೆ ಅದಕ್ಕೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ತಿನ್ನೋದು. ನಾನು ಓಡಿಹೋಗಿ ರಾಗಿಹಿಟ್ಟು ತಂದೆ. ಅವನು ಕೈ ತೊಳೆದು ಬಂದು ಒಂದೇ ತಟ್ಟೆ ನಡುವೆ ಇಟ್ಟ, ಅವರ ಕಡೆ ಹಾಗೇ ಉಣ್ಣೋದಂತೆ. ಮೂರು ಕೈ ಒಂದು ತಟ್ಟೆ. ನನ್ನ ಕೈ ಮಾತ್ರ ಅಂಚಿನಲ್ಲೇ ನಿಂತಿತ್ತು. ಕೇರಿಯವರಲ್ಲದ ಯಾರೂ ನನ್ನ ಜೊತೆ ಒಂದು ತಟ್ಟೆಗೆ ಕೈ ಹಾಕಿರಲಿಲ್ಲ, ಆಗ ನನಗೆ ಮೂವತ್ತೆರಡು ವರ್ಷ. "ಈಟ್, ಈಟ್" ಅಂತ ಅವನೇ ನನ್ನ ಕೈ ಹಿಡಿದು ನಡುವೆ ತಂದ. ನಮ್ಮ ಮೂವರ ಇಂಗ್ಲಿಷೂ ಕುಂಟುತ್ತಿತ್ತು. ಒಬ್ಬರ ಕುಂಟು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ದಿನಗಳಲ್ಲಿ ಬಾಬಾಸಾಹೇಬರನ್ನು ತುಂಬ ನೆನೆದೆ. 1913ರಲ್ಲಿ ನ್ಯೂಯಾರ್ಕಿಗೆ ಹೋದ ಅವರಿಗೆ ಕೊಲಂಬಿಯಾದ ಹಾಸ್ಟೆಲಿನಲ್ಲಿ ನವಲ್ ಭಾತೆನಾ ಅನ್ನೋ ಪಾರ್ಸಿ ಹುಡುಗ ಸಿಕ್ಕ, ಜೀವನಪೂರ್ತಿ ಗೆಳೆಯನಾದ, ಮುಂದೆ ಲಂಡನ್ನಿನ ಓದಿಗೆ ಸಾಲ ಕೊಟ್ಟ. ಅದೇ ಅಂಬೇಡ್ಕರ್ 1917ರಲ್ಲಿ ಬರೋಡಾದ ಪಾರ್ಸಿ ಛತ್ರದಲ್ಲಿ ಜಾತಿ ಮುಚ್ಚಿಟ್ಟು ಉಳಿದುಕೊಂಡಾಗ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಹಾಕಿತು. ಆ ಊರಲ್ಲಿದ್ದ ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರ ಮನೆಯಲ್ಲೂ ಜಾಗ ಆಗಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. ಅಲ್ಲಿಯ ಗೆಳೆತನ ಇಲ್ಲಿಯ ನೆಲಕ್ಕೆ ಇಳಿದರೆ ಏನಾಗುತ್ತೆ ಅನ್ನೋದು ನನ್ನ ಹೆದರಿಕೆ. ಯಾಕಂದರೆ ಆ ಟೀಚರು, ಮುಂದೆ ಯಾವತ್ತಾದರೂ ನಿಮ್ಮ ಮನೆಗೆ ಬರುತ್ತೇನೆ, ಐದೆಕರೆ ನೋಡುತ್ತೇನೆ ಅನ್ನುತ್ತಿದ್ದರು.

ಒಂದು ಸಂಜೆ ಆಕೆ ತಮ್ಮ ಶಾಲೆಯ ಮಾತು ತೆಗೆದರು. ತಮ್ಮ ತರಗತಿಯಲ್ಲಿ ಕೆಲವು ಮಕ್ಕಳು ವಿಳಾಸ ಬರೆಯಲು ಹಿಂಜರೀತಾರೆ ಅಂದರು. ಯಾಕೆ ಅಂದೆ. ಆಗ ಬಂತು ಬುರಾಕು ಜನರ ಕತೆ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರು. ಬಣ್ಣ ಅದೇ, ಭಾಷೆ ಅದೇ, ಮುಖ ನೋಡಿದರೆ ಗೊತ್ತಾಗೋದಿಲ್ಲ. 1871ರಲ್ಲಿ ಸರ್ಕಾರ ಆ ಕೀಳು ದರ್ಜೆಯನ್ನು ಕಾಗದದ ಮೇಲೆ ರದ್ದು ಮಾಡಿತು, ಕಾಗದದ ಮೇಲೆ ಮಾತ್ರ. 1922ರಲ್ಲಿ ಅವರೇ ಸುಯ್‌ಹೆಯ್‌ಷಾ ಅಂತ ಸಂಘ ಕಟ್ಟಿಕೊಂಡು ಎದ್ದರು. 1975ರಲ್ಲಿ ಒಂದು ಗುಟ್ಟು ಹೊರಬಿತ್ತು. ದೇಶದಲ್ಲಿ ಎಲ್ಲೆಲ್ಲಿ ಅವರ ಕೇರಿಗಳಿವೆ ಅಂತ ಊರಿನ ಹೆಸರುಗಳ ಪಟ್ಟಿ ಮಾಡಿ, ಪುಸ್ತಕ ಮಾಡಿ, ಕಂಪನಿಗಳಿಗೆ ಕದ್ದು ಮಾರುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವನ ಊರು ಪುಸ್ತಕದಲ್ಲಿದ್ದರೆ ಕೆಲಸ ಇಲ್ಲ.

ನಾನು ದಂಗಾದೆ. ಊರಿನ ಹೆಸರಿನಿಂದ! ನಮ್ಮಲ್ಲಿ ಅಂಥ ಪುಸ್ತಕ ಅಚ್ಚು ಹಾಕಿಸೋ ಖರ್ಚೂ ಬೇಡ, ಬಸ್ಸಿನಲ್ಲಿ ಕೂತವನ ಬಾಯಲ್ಲೇ ಇರುತ್ತೆ. ಮೈ ಬಿಸಿಯಾಗಿತ್ತು. ಈ ಹೆಂಗಸು ನಮ್ಮವಳೇ ಇರಬೇಕು ಅನ್ನಿಸಿತು. ಕೇಳಿಯೇಬಿಟ್ಟೆ. ನೀವೂ ಅವರ ಪೈಕಿಯೇ?

ಆಕೆ ಒಲೆ ಆರಿಸಿದರು. ಬಟ್ಟಲು ತೊಳೆದರು. ನನ್ನ ಕಡೆ ತಿರುಗಿ, "ಅದನ್ನು ತಿಳಿದು ನಿಮಗೆ ಏನಾಗಬೇಕು?" ಅಂದರು. ಗಟ್ಟಿಯಾಗಿ ಏನಲ್ಲ. ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಬದುಕೆಲ್ಲ ಯಾವ ಪ್ರಶ್ನೆಗೆ ಹೆದರಿ ಓಡಿದ್ದೆನೋ ಅದೇ ಪ್ರಶ್ನೆ ನನ್ನ ನಾಲಿಗೆಯಿಂದಲೇ ಬಂದಿತ್ತು. ನನ್ನ ಉದ್ದೇಶ ಬೇರೆ ಅನ್ನಬಹುದು. ಎಲೆ ಅಡಿಕೆಯವನೂ ಸ್ನೇಹಕ್ಕೇ ಕೇಳಿದೆ ಅನ್ನುತ್ತಾನೆ.

ನಾಲ್ಕು ದಿನ ಮಾತಿಲ್ಲ. ಐದನೇ ದಿನ ನಾನೇ ಬಾಗಿಲು ತಟ್ಟಿ, ನಮ್ಮಪ್ಪ ಫಾರ್ಮರ್ ಅಲ್ಲ ಅಂದೆ. ಮತ್ತೆ ಏನು ಅಂದರು. ನೀರಗಂಟಿಗೆ ಇಂಗ್ಲಿಷಿನಲ್ಲಿ ಏನು ಹೇಳೋದು? ಆಕೆಯ ಮೇಜಿನ ಮೇಲೆ ಹಾರ್ನ್‌ಬಿಯ ನಿಘಂಟು ಇತ್ತು. ಇಂಗ್ಲಿಷ್ ಕಲಿಯುವವರಿಗಾಗಿ ಆ ನಿಘಂಟು ಮೊದಲು ಅಚ್ಚಾದದ್ದು ಜಪಾನಿನಲ್ಲೇ, 1942ರಲ್ಲಿ. ಇಬ್ಬರೂ ಕೂತು ಹುಡುಕಿದೆವು. ಸಿಗಲಿಲ್ಲ. ಕೊನೆಗೆ ಕಾಗದದ ಮೇಲೆ ಕೆರೆ ಬರೆದೆ, ಏರಿ ಬರೆದೆ, ತೂಬು ಬರೆದೆ, ಗದ್ದೆ ಬರೆದೆ. ಬಾವಿ ಬರೆದೆ. ಬಾವಿಯಿಂದ ದೂರ ಒಂದು ಕಡ್ಡಿ ಮನುಷ್ಯನನ್ನು ನಿಲ್ಲಿಸಿದೆ. ಆಕೆ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಾಂಜಾನಿಯಾದವನನ್ನು ಕೂಗಿ ಮೂವರಿಗೂ ಟೀ ಇಟ್ಟರು. ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ವಾಪಸು ಬಂದು ಪೇರ್ ವರ್ಕ್ ಶುರುಮಾಡಿದೆ. ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ಗೊತ್ತಿರುತ್ತೆ, ಇಬ್ಬಿಬ್ಬರು ಸೇರಿ ಅಂದರೆ ಮಕ್ಕಳು ಕೇರಿ ಪ್ರಕಾರವೇ ಸೇರುತ್ತಾರೆ. ಹಾಜರಿ ಪುಸ್ತಕದ ನಂಬರಿನ ಮೇಲೆ ಜೋಡಿ ಮಾಡಿದೆ. ಮೂರನೇ ಪ್ರಶ್ನೆ ತೆಗೆದುಹಾಕಿ, ನಿನಗೆ ಏನು ಮಾಡಲು ಬರುತ್ತೆ ಅಂತ ಕೇಳಿಸಿದೆ. ಸೈಕಲ್ಲು, ಈಜು, ರೇಷ್ಮೆಹುಳುವಿಗೆ ಸೊಪ್ಪು ಹಾಕೋದು, ತಮಟೆ, ಎಲ್ಲ ಬಂತು. ಒಬ್ಬ ಗೌಡರ ಹುಡುಗ ಎದ್ದು ನಿಂತು, "ಸಾರ್, ಪುಸ್ತಕದಲ್ಲಿ ಫಾದರ್ ಪ್ರಶ್ನೆ ಐತಲ್ಲ, ನಿಮ್ಮನ್ನೇ ಕೇಳಲಾ?" ಅಂದ. ಕೇಳು ಅಂದೆ. ಇಡೀ ಕ್ಲಾಸು ಸುಮ್ಮನಾಯಿತು. ಇಂಗ್ಲಿಷಿನಲ್ಲೇ ಕೇಳಿದ, ತಪ್ಪಿಲ್ಲದೆ. ಮೈ ಫಾದರ್ ವಾಸ್ ಎ ನೀರಗಂಟಿ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಇಬ್ಬರು ಹುಡುಗರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ತಾಂಜಾನಿಯಾದವನ ಕಾಗದ ಕೆಲವು ವರ್ಷ ಬಂದು ನಿಂತಿತು. ಜಪಾನಿನಿಂದ ಹೊಸ ವರ್ಷದ ಕಾರ್ಡು ಈಗಲೂ ಸೂಲಿಬೆಲೆ ಪೋಸ್ಟಿಗೆ ಬರುತ್ತದೆ. ಅದರಲ್ಲಿ ಆಕೆಯ ವಿಳಾಸ ಇರುತ್ತದೆ, ಬೀದಿ ಸಮೇತ. ಉತ್ತರ ಬರೆಯುವಾಗ ಅಕ್ಷರ ತಪ್ಪದ ಹಾಗೆ ನಿಧಾನವಾಗಿ ಅದನ್ನು ಬರೆಯುತ್ತೇನೆ.