ಮುಖ ತಿದ್ದುವ ಆಟ

ಮಕ್ಕಳ ಆಟಗಳ ಕುರಿತು ನಮ್ಮ ನಡುವೆ ಏಳುವ ಪ್ರಶ್ನೆ ಬಹುಪಾಲು ಒಂದೇ: ಅದು ಹಲಾಲೋ ಹರಾಮೋ? ಪ್ರಶ್ನೆ ಅಗತ್ಯವಾದುದೇ. ಆದರೆ ಉತ್ತರ ದೊರೆತ ಕೂಡಲೇ ನಾವು ಎದ್ದು ಹೋಗುತ್ತೇವೆ. ಮಗು ಆ ಆಟದೊಳಗೆ ಏನು ಮಾಡುತ್ತಿದೆಯೆಂದು ಪಕ್ಕದಲ್ಲಿ ಕುಳಿತು ನೋಡುವವರು ವಿರಳ. ಕಳೆದ ರಜೆಯಲ್ಲಿ ಕೆಲವು ಸಂಜೆ, ಅಸರ್ ನಮಾಝಿನ ಬಳಿಕ, ನನ್ನ ತಂಗಿಯ ಮಗಳ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಹದಿನೇಳು ವರ್ಷ, ಪಿಯುಸಿ ಓದುತ್ತಿದ್ದಾಳೆ. ನಮ್ಮ ಮನೆಮಾತು ಬ್ಯಾರಿ. ಅವಳ ಮಾತುಗಳನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಆಟದ ಹೆಸರು ‘ದಿ ಸಿಮ್ಸ್ 4’. ಇದರಲ್ಲಿ ಯುದ್ಧವಿಲ್ಲ, ಗೆಲುವು ಸೋಲುಗಳಿಲ್ಲ. ಒಂದು ಮನೆ, ಅದರಲ್ಲೊಂದು ಕುಟುಂಬ. ಅವರು ಅಡುಗೆ ಮಾಡುತ್ತಾರೆ, ಉಣ್ಣುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಗಳವಾಡುತ್ತಾರೆ, ಮುಪ್ಪಾಗುತ್ತಾರೆ, ಮರಣ ಹೊಂದುತ್ತಾರೆ. ಈ ಸರಣಿಯ ಮೊದಲ ಆಟ 2000ದಲ್ಲಿ ಅಮೆರಿಕದ ಮ್ಯಾಕ್ಸಿಸ್ ಸಂಸ್ಥೆಯಿಂದ ಹೊರಬಂತು. ಅದನ್ನು ರೂಪಿಸಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ ಎದ್ದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಆ ಅನುಭವವು ಆಟದ ಕಲ್ಪನೆಗೆ ಬೀಜವಾಯಿತು. ನಾಲ್ಕನೆಯ ಆಟ 2014ರಲ್ಲಿ ಬಂತು. 2022ರ ಅಕ್ಟೋಬರ್‌ನಿಂದ ಅದರ ಮೂಲ ಭಾಗ ಉಚಿತವಾಗಿದೆ. ಕಾಲೇಜಿನ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನೊಳಗೆ ಅದು ಹೇಗೆ ಬಂತೆಂದು ನನ್ನ ತಂಗಿಗೆ ಅಚ್ಚರಿ. ಬರುವುದಕ್ಕೆ ಖರ್ಚೇನೂ ಇರಲಿಲ್ಲ, ಅಷ್ಟೆ.

ಆಟದಲ್ಲಿ ಮೊದಲ ಕೆಲಸ ಮನುಷ್ಯರನ್ನು ಮಾಡುವುದು. ತೆರೆಯ ಮೇಲೆ ಒಂದು ಆಕೃತಿ ನಿಂತಿರುತ್ತದೆ. ಅದರ ಮೂಗನ್ನು ಮೌಸ್‌ನಿಂದ ಹಿಡಿದು ಎಳೆದರೆ ಉದ್ದವಾಗುತ್ತದೆ, ಅದುಮಿದರೆ ಚಪ್ಪಟೆಯಾಗುತ್ತದೆ. ಹುಬ್ಬು, ತುಟಿ, ಗಲ್ಲ, ಸೊಂಟ, ಚರ್ಮದ ಬಣ್ಣ ಎಲ್ಲವೂ ಹೀಗೆಯೇ. ಆಟದಲ್ಲಿ ಇರುವ ಸಾಮಗ್ರಿ ಸಾಲದೆಂದು ತೋರಿದವರು ಬೇರೆ ಆಟಗಾರರು ಮಾಡಿಟ್ಟ ಕಡತಗಳನ್ನು ತಂದು ‘ಮಾಡ್ಸ್’ ಎಂಬ ಫೋಲ್ಡರಿನಲ್ಲಿ ಹಾಕುತ್ತಾರೆ. ಒಂದು ಕಡತದಲ್ಲಿ ಹೊಸ ಕಣ್ಣು, ಇನ್ನೊಂದರಲ್ಲಿ ಕೂದಲು, ಮತ್ತೊಂದರಲ್ಲಿ ಅಂಗಿ. ನೇಯ್ದ ಬಟ್ಟೆಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿದಂತೆ ಇದ್ದ ವಸ್ತುವಿಗೇ ಬೇರೆ ಬಣ್ಣ ಕೊಡುವವರಿದ್ದಾರೆ. ‘ಬ್ಲೆಂಡರ್’ ಎಂಬ ತಂತ್ರಾಂಶದಲ್ಲಿ ಹೊಸ ಆಕಾರವನ್ನೇ ಕಡೆಯುವವರೂ ಇದ್ದಾರೆ. ಕಂಪೆನಿಯು ಆಟವನ್ನು ಪರಿಷ್ಕರಿಸಿದಾಗಲೆಲ್ಲ ಈ ಕಡತಗಳಲ್ಲಿ ಕೆಲವು ಕೆಟ್ಟುಹೋಗುತ್ತವೆ. ಆಗ ಫೋಲ್ಡರಿನ ಅರ್ಧವನ್ನು ಹೊರತೆಗೆದು, ಆಟವನ್ನು ತೆರೆದು ನೋಡಿ, ಕೆಟ್ಟದ್ದು ಯಾವ ಅರ್ಧದಲ್ಲಿದೆಯೆಂದು ತಿಳಿದು, ಅದನ್ನು ಮತ್ತೆ ಅರ್ಧ ಮಾಡುತ್ತಾ ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವವರ ತಾಳ್ಮೆಯಿಂದ ಅವಳು ಅದನ್ನು ಮಾಡುತ್ತಿದ್ದಳು.

ಹೆತ್ತವರಿಗೆ ಎರಡು ಮಾತನ್ನು ಇಲ್ಲಿಯೇ ಹೇಳಿ ಮುಂದುವರಿಯುತ್ತೇನೆ. ಬಟ್ಟೆ, ಕೂದಲಿನ ಕಡತ ಬೇರೆ; ಆಟದ ನಡೆಯನ್ನೇ ಬದಲಿಸುವ ‘ಸ್ಕ್ರಿಪ್ಟ್’ ಕಡತ ಬೇರೆ. ಎರಡನೆಯದು ಒಂದು ಪ್ರೋಗ್ರಾಮ್. 2024ರ ಆರಂಭದಲ್ಲಿ ಇಂತಹ ಕೆಲವು ಕಡತಗಳೊಳಗೆ ಮಾಹಿತಿ ಕದಿಯುವ ತಂತ್ರಾಂಶ ಸೇರಿಕೊಂಡಿತ್ತು. ಅಲ್ಲದೆ ನಮ್ಮ ಮಕ್ಕಳು ನೋಡಬಾರದ ಅಶ್ಲೀಲ ಮಾಡ್‌ಗಳೂ ಇವೆ. ಎಲ್ಲಿಂದ ತರುತ್ತಾರೆ, ಏನನ್ನು ತರುತ್ತಾರೆ ಎಂಬುದನ್ನು ಮನೆಯಲ್ಲೊಬ್ಬರು ತಿಳಿದಿರಲಿ.

ಅವಳು ಮಾಡಿದ್ದು ನಮ್ಮದೇ ಕುಟುಂಬವನ್ನು. ತಾಯಿ, ಅಕ್ಕ, ದಮ್ಮಾಮ್‌ನಲ್ಲಿ ದುಡಿಯುವ ತಂದೆ. ಆಟದಲ್ಲಿ ತಂದೆ ಪ್ರತಿದಿನ ಸಂಜೆ ಮನೆಗೆ ಬರುತ್ತಾರೆ. ಅವರ ಜೊತೆಗೆ ಅಜ್ಜಿ, ಅಂದರೆ ನನ್ನ ಉಮ್ಮ. ಉಮ್ಮ ತೀರಿಹೋಗಿ ಎರಡು ವರ್ಷ ಕಳೆಯಿತು. ನಮ್ಮ ಮನೆಯ ಗೋಡೆಯ ಮೇಲೆ ಯಾರ ಚಿತ್ರವನ್ನೂ ತೂಗುಹಾಕುವ ರೂಢಿಯಿಲ್ಲ. ಉಮ್ಮ ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ತರುತ್ತಿದ್ದವರು. ಚಿಕ್ಕಂದಿನಿಂದ ಅವರ ಮಗ್ಗುಲಲ್ಲೇ ಮಲಗುತ್ತಿದ್ದ ಹುಡುಗಿ ಅವರ ಮುಖವನ್ನು ನೆನಪಿನಿಂದಲೇ ಕಟ್ಟಿದ್ದಳು: ಅಗಲವಾದ ಮೂಗು, ಬಲಗೆನ್ನೆಯ ಮಚ್ಚೆ, ಹಣೆಯಲ್ಲಿ ಮೂರು ಗೆರೆ. ಒಂದು ಕಾಲದಲ್ಲಿ ಅಲಿಕತ್ತು ತೊಟ್ಟಿದ್ದ ಅವರ ಕಿವಿಯ ಅಂಚಿನುದ್ದಕ್ಕೂ ಚುಚ್ಚಿದ ತೂತುಗಳ ಸಾಲಿತ್ತು. ಅಂತಹ ಓಲೆ ಆಟದಲ್ಲಿ ಎಲ್ಲಿ ಸಿಗಬೇಕು? ಯಾವುದೋ ದೇಶದ ಹುಡುಗಿ ಬೇರೆ ಉದ್ದೇಶಕ್ಕೆ ಮಾಡಿದ್ದ, ಕಿವಿಯ ಅಂಚಿಗೆ ಸಾಲಾಗಿ ಕೂರುವ ಬೆಳ್ಳಿಯ ರಿಂಗುಗಳನ್ನು ತಂದು, ‘ಸಿಮ್ಸ್ 4 ಸ್ಟುಡಿಯೊ’ ಎಂಬ ಉಪಕರಣದಲ್ಲಿ ಅವಕ್ಕೆ ಬಂಗಾರದ ಬಣ್ಣ ಹಚ್ಚಿದ್ದಳು. ನೋಡಿದೊಡನೆ ನನಗೆ ಮಾತು ಹೊರಡಲಿಲ್ಲ.

ಜೀವಿಗಳ ಚಿತ್ರ, ಪ್ರತಿಮೆಗಳ ವಿಷಯದಲ್ಲಿ ಹದೀಸ್‌ಗಳ ಎಚ್ಚರಿಕೆ ಕಠಿಣವಾದುದು, ಅದನ್ನು ಹಗುರಗೊಳಿಸುವ ಇರಾದೆ ನನಗಿಲ್ಲ. ಕ್ಯಾಮೆರಾ ಮತ್ತು ತೆರೆಯ ಮೇಲಿನ ಚಿತ್ರಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದೂ ತಿಳಿದದ್ದೇ. ಆದರೆ ಮಕ್ಕಳ ಗೊಂಬೆಗಳ ಪ್ರಸಂಗ ಬಂದಾಗ ಮದ್ರಸದಲ್ಲಿ ಓದಿದ ಒಂದು ಹದೀಸ್ ನನಗೆ ತಪ್ಪದೆ ನೆನಪಾಗುತ್ತದೆ. ಅಬೂದಾವೂದ್ ಸಂಗ್ರಹದಲ್ಲಿರುವ ಆ ವರದಿಯಂತೆ, ಆಯಿಶಾ(ರ)ರ ಗೊಂಬೆಗಳ ನಡುವೆ ಬಟ್ಟೆಯ ತುಂಡಿನ ಎರಡು ರೆಕ್ಕೆಗಳಿದ್ದ ಕುದುರೆಯೊಂದನ್ನು ಪ್ರವಾದಿವರ್ಯರು(ಸ) ಕಂಡರು. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದಾಗ ಪ್ರವಾದಿವರ್ಯರು(ಸ) ದವಡೆ ಹಲ್ಲುಗಳು ಕಾಣುವಷ್ಟು ನಕ್ಕರು. ಇರುವ ಕುದುರೆ ಸಾಲದೆ ರೆಕ್ಕೆ ಕಟ್ಟಿದ ಆ ಕೈಯೂ, ಆಟದಲ್ಲಿರುವ ಓಲೆ ಸಾಲದೆ ಬಣ್ಣ ಬಳಿದ ಈ ಕೈಯೂ ನನ್ನ ಕಣ್ಣಿಗೆ ದೂರದವುಗಳಲ್ಲ.

ಒಂದಕ್ಕೆ ಮಾತ್ರ ನಾನು ತಡೆಯೊಡ್ಡಿದೆ. ಆಟದಲ್ಲಿ ವಯಸ್ಸಾಗುವುದನ್ನು ನಿಲ್ಲಿಸುವ ಆಯ್ಕೆಯಿದೆ. ಅಜ್ಜಿ ಸಾಯಬಾರದೆಂದು ಅವಳು ಅದನ್ನು ಒತ್ತಿದ್ದಳು. “ಅಜ್ಜಿಗೆ ಇದರಿಂದ ಏನೂ ತಲುಪುವುದಿಲ್ಲ ಮಗಳೇ, ನಿನ್ನ ದುಆ ತಲುಪುತ್ತದೆ” ಎಂದೆ. “ಅದನ್ನೂ ಮಾಡುತ್ತೇನೆ ಮಾಮ” ಎಂದಳು. ಆ ಆಯ್ಕೆ ಬದಲಾಯಿತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಅಕ್ಕನ ಪಾತ್ರಕ್ಕೆ ಹಿಜಾಬ್ ತೊಡಿಸುವಾಗ ಅವಳು ಹೇಳಿದ ಮಾತು ಬಹಳ ಸೊಗಸಾದುದು. ಈಗ ಆಟದಲ್ಲೇ ಕೆಲವು ಹಿಜಾಬ್‌ಗಳಿವೆ, ಟೋಪಿಗಳ ವಿಭಾಗದಲ್ಲಿ. ಮಾಡ್‌ಗಳಲ್ಲಿ ಬಗೆಬಗೆಯವು ಸಿಗುತ್ತವೆ. ಆದರೆ ಆಟವು ಉಡುಪನ್ನು ಸಂದರ್ಭದಿಂದ ವಿಂಗಡಿಸುತ್ತದೆ: ದಿನನಿತ್ಯದ್ದು, ಔತಣದ್ದು, ವ್ಯಾಯಾಮದ್ದು, ಮಲಗುವಾಗಿನದ್ದು. ದಿನನಿತ್ಯದ ಉಡುಪಿಗೆ ಹಿಜಾಬ್ ಇಟ್ಟರೆ ಅಡುಗೆಮನೆಯಲ್ಲಿ ತಾಯಿಯೊಬ್ಬಳೇ ಇದ್ದಾಗಲೂ ಅದು ತಲೆಯ ಮೇಲಿರುತ್ತದೆ. ತೆಗೆದರೆ ಪಕ್ಕದ ಮನೆಯ ಗಂಡಸು ಬಾಗಿಲು ತಟ್ಟಿದಾಗಲೂ ಇರುವುದಿಲ್ಲ. “ಮಾಮ, ಇದಕ್ಕೆ ಮಹ್ರಮ್ ಅಂದರೆ ಏನೆಂದು ಗೊತ್ತಿಲ್ಲ” ಎಂದಳು. ಅವಳೇ ಕಂಡುಕೊಂಡ ಉಪಾಯ: ಮಲಗುವ ಉಡುಪನ್ನು ಮನೆಯ ಉಡುಪಾಗಿ ಮಾಡಿ, ಕರೆಗಂಟೆ ಕೇಳಿಸಿದ ಕೂಡಲೇ ಬದಲಿಸುವುದು. ಹಿಜಾಬ್ ಎಂಬುದು ಬಟ್ಟೆಯ ಹೆಸರಾಗುವುದಕ್ಕಿಂತ ಮೊದಲು ಎದುರಿಗಿರುವವರು ಯಾರೆಂಬುದರ ಪ್ರಜ್ಞೆ ಎಂಬುದನ್ನು ನಾನು ತರಗತಿಯಲ್ಲಿ ಅರ್ಧ ಗಂಟೆ ವಿವರಿಸಿದ್ದುಂಟು. ಇಷ್ಟು ಸ್ಪಷ್ಟವಾಗಿ ವಿವರಿಸಿದ ನೆನಪಿಲ್ಲ.

ಎಲ್ಲರನ್ನೂ ತೋರಿಸಿದ ಮೇಲೆ ಕೊನೆಯಲ್ಲಿ ತನ್ನ ಪಾತ್ರವನ್ನು ತೋರಿಸಿದಳು. ನಮ್ಮ ಮನೆಯವರೆಲ್ಲ ಎಣ್ಣೆಗಪ್ಪು. ತೆರೆಯ ಮೇಲೆ ಸಾಲಾಗಿ ನಿಂತ ಕುಟುಂಬದಲ್ಲಿ ಉಮ್ಮನ ಬಣ್ಣ, ತಂಗಿಯ ಬಣ್ಣ, ಅಕ್ಕನ ಬಣ್ಣ ಇದ್ದ ಹಾಗೆಯೇ ಇತ್ತು. ಅಂಚಿನಲ್ಲಿ ಒಬ್ಬ ಬಿಳಿಯ, ಸಪೂರ ಮೂಗಿನ ಹುಡುಗಿ, ಬೇರೆ ಮನೆಯಿಂದ ಬಂದ ಅತಿಥಿಯಂತೆ ನಿಂತಿದ್ದಳು. “ಇವಳು ಯಾರು?” ಎಂದು ಕೇಳಿದೆ. “ನಾನು” ಎಂದಳು. ಸ್ವಲ್ಪ ಹೊತ್ತಿನ ನಂತರ, “ಎಲ್ಲರೂ ತಮ್ಮನ್ನು ಹೀಗೆಯೇ ಮಾಡಿಕೊಳ್ಳುತ್ತಾರೆ ಮಾಮ” ಎಂದಳು.

ಎಲ್ಲರೂ ಹಾಗೆ ಮಾಡುತ್ತಾರೆಯೇ? ಇದೇ ಆಟದ ಇತಿಹಾಸದಲ್ಲಿ ಅದಕ್ಕೆ ವ್ಯತಿರಿಕ್ತವಾದ ಸಂಗತಿಯೊಂದಿದೆ. ಆಟ ಬಂದ ಮೊದಲ ವರ್ಷಗಳಲ್ಲಿ ಕಪ್ಪು ಚರ್ಮದ ಆಯ್ಕೆಗಳು ತೀರ ಕಡಿಮೆಯಿದ್ದವು. ಇದ್ದವೂ ಬೂದಿ ಬಳಿದಂತೆ ಕಾಣುತ್ತಿದ್ದವು. ಅಮೆರಿಕದ ಕಪ್ಪು ಆಟಗಾರರು ಇದರ ವಿರುದ್ಧ ದನಿಯೆತ್ತಿದರು. ಅಮೀರಾ ವರ್ಜಿಲ್ ಎಂಬ ಕಪ್ಪು ಯುವತಿ ದೂರಿ ಸುಮ್ಮನಾಗದೆ ‘ಮೆಲನಿನ್ ಪ್ಯಾಕ್’ ಎಂಬ ಮಾಡ್ ಮಾಡಿ, ಜೀವಕಳೆಯುಳ್ಳ ಕಪ್ಪು, ಕಂದು ಬಣ್ಣಗಳನ್ನು ಆಟಕ್ಕೆ ಸೇರಿಸಿದಳು. 2020ರ ಡಿಸೆಂಬರ್‌ನಲ್ಲಿ ಕಂಪೆನಿಯೇ ನೂರಕ್ಕೂ ಹೆಚ್ಚು ಹೊಸ ಚರ್ಮದ ಬಣ್ಣಗಳನ್ನು ಸೇರಿಸಿತು. 2024ರಲ್ಲಿ ತೊನ್ನಿನ ಗುರುತುಗಳಿಗೂ ಅವಕಾಶ ದೊರೆಯಿತು. ತಮ್ಮ ಮುಖ ತಮ್ಮದರಂತೆಯೇ ಕಾಣಲೆಂದು ಜನ ವರ್ಷಗಟ್ಟಲೆ ದುಡಿದು ಪಡೆದ ಬಣ್ಣ ನಮ್ಮ ಹುಡುಗಿಯ ಬೆರಳ ತುದಿಯಲ್ಲೇ ಇತ್ತು. ಉಮ್ಮನಿಗೆ ಹಚ್ಚಿದ್ದು ಅದನ್ನೇ. ತನಗೆ ಬೇಡವಾಗಿತ್ತು.

ಆ ಬೇಡ ಎಲ್ಲಿಂದ ಬಂತು? ಆಟವನ್ನು ದೂರುವುದು ಸುಲಭ. ಆ ವರ್ಷ ಅವಳ ಅಕ್ಕನನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಬಂದವರು ಚಹಾ ಕುಡಿದರು, ದೀನೀ ಶಿಕ್ಷಣದ ಕುರಿತು ವಿಚಾರಿಸಿದರು, ತೃಪ್ತಿಪಟ್ಟರು. ಆಮೇಲೆ ಮಧ್ಯವರ್ತಿಯ ಮೂಲಕ ಬಂದ ಉತ್ತರ ಮೂರು ಸಲವೂ ಒಂದೇ: ಹುಡುಗಿ ಒಳ್ಳೆಯವಳು, ಬಣ್ಣ ಸ್ವಲ್ಪ ಕಡಿಮೆ. ‘ಕಡಿಮೆ’ ಎಂಬ ಪದವನ್ನು ಗಮನಿಸಿ. ಕನ್ನಡ ಕಲಿಸುವವನಾದ್ದರಿಂದ ನನಗೆ ಅದು ಮುಳ್ಳಿನಂತೆ ಚುಚ್ಚಿತು. ಬಣ್ಣವು ಅಳತೆಯ ವಸ್ತುವೆಂಬಂತೆ, ಸೃಷ್ಟಿಕರ್ತನು ತೂಕದಲ್ಲಿ ಕಡಿಮೆ ಹಾಕಿದನೆಂಬಂತೆ! ಸೂರಃ ಅರ್ರೂಮ್‌ನ 22ನೆಯ ಸೂಕ್ತವು ನಮ್ಮ ಭಾಷೆಗಳ ಮತ್ತು ಬಣ್ಣಗಳ ಭಿನ್ನತೆಯನ್ನು ಆಕಾಶ ಭೂಮಿಗಳ ಸೃಷ್ಟಿಯ ಜೊತೆಯಲ್ಲೇ ಅಲ್ಲಾಹನ ನಿದರ್ಶನವಾಗಿ ಎಣಿಸುತ್ತದೆ. ಅದನ್ನು ಮಧುರವಾಗಿ ಪಾರಾಯಣ ಮಾಡುವ ಮನೆಗಳಿಂದಲೇ ಆ ಉತ್ತರ ಬಂದದ್ದು. ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ ತಂಗಿ ತನ್ನ ಸರದಿ ಬರುವ ಮುನ್ನವೇ ಮುಖ ತಿದ್ದಿಕೊಳ್ಳತೊಡಗಿದರೆ ಅದರಲ್ಲಿ ಅಚ್ಚರಿಯೇನು?

ಅವಳಿಗೆ ಉಪದೇಶ ಮಾಡುವ ಮನಸ್ಸಾಗಲಿಲ್ಲ. ಉಪದೇಶ ಬೇಕಾದವರು ಬೇರೆ. ಝಾಹಿರ್(ರ)ರ ಕಥೆ ಹೇಳಿದೆ. ಅವರು ಮರುಭೂಮಿಯ ಹಳ್ಳಿಗರು, ನೋಡಲು ಚೆಲುವರಲ್ಲ. ಮದೀನಾದ ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅವರನ್ನು ಅಪ್ಪಿ ಹಿಡಿದು, ಈ ದಾಸನನ್ನು ಕೊಳ್ಳುವವರು ಯಾರೆಂದು ತಮಾಷೆಯಾಗಿ ಕೂಗಿದರು. ನನಗೆ ಹೆಚ್ಚೇನೂ ಬೆಲೆ ಬಾರದು ಎಂದು ಝಾಹಿರ್(ರ) ಹೇಳಿದಾಗ, ಅಲ್ಲಾಹನ ಬಳಿ ನೀನು ಅಗ್ಗದವನಲ್ಲ ಎಂಬ ಅರ್ಥದ ಉತ್ತರ ಬಂತು. ಈ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಆ ಅಪ್ಪುಗೆ. ಸಂತೆಯ ನಡುವೆ, ಎಲ್ಲರೆದುರು. ಹುಡುಗಿ ಕೇಳಿದಳು, ಏನೂ ಹೇಳಲಿಲ್ಲ.

ಮರುದಿನ ನಡೆದದ್ದು ನನ್ನ ಯೋಜನೆಯಲ್ಲಿರಲಿಲ್ಲ, ಅವಳ ಯೋಜನೆಯಲ್ಲೂ ಇರಲಿಲ್ಲ. ಗೆಳತಿಯೊಬ್ಬಳು ಕಳಿಸಿದ ಹೊಸ ಚರ್ಮದ ಕಡತವನ್ನು ಫೋಲ್ಡರಿಗೆ ಹಾಕಿದಳು. ಇಂತಹ ಕಡತಗಳಲ್ಲಿ ಎರಡು ಬಗೆ. ಒಂದು, ನಾವು ಆರಿಸಿದ ಪಾತ್ರಕ್ಕಷ್ಟೇ ತಗಲುವಂಥದ್ದು. ಇನ್ನೊಂದು ಆಟದ ಮೂಲ ಚರ್ಮದ ಜಾಗದಲ್ಲೇ ಕುಳಿತುಬಿಡುತ್ತದೆ. ಅದನ್ನು ಹಾಕಿದರೆ ಮನೆಯವರು, ನೆರೆಯವರು, ದಾರಿಹೋಕರು, ಎಲ್ಲರ ಚರ್ಮವೂ ಬದಲಾಗುತ್ತದೆ. ಗೆಳತಿ ಕಳಿಸಿದ್ದು ಎರಡನೆಯದು. ಆಟ ತೆರೆದುಕೊಂಡಾಗ ಅವಳ ಮುಖ ಅವಳು ಬಯಸಿದಂತೆ ಮೇಣದ ಹಾಗೆ ನುಣುಪಾಗಿತ್ತು. ಪಕ್ಕದಲ್ಲಿ ಉಮ್ಮನ ಮುಖವೂ ನುಣುಪಾಗಿತ್ತು. ಹಣೆಯ ಗೆರೆಗಳಿಲ್ಲ, ಕಣ್ಣಿನ ಸುತ್ತಲಿನ ಸುಕ್ಕುಗಳಿಲ್ಲ. ಕೂದಲು ಬಿಳಿ, ಕಿವಿಯಲ್ಲಿ ಬಂಗಾರದ ಸಾಲು, ಮುಖ ಮಾತ್ರ ಯಾರದೋ.

ಅವಳು ತುಂಬ ಹೊತ್ತು ನೋಡಿದಳು. “ಇದು ಅಜ್ಜಿಯಲ್ಲ” ಎಂದಳು. ಆಟವನ್ನು ಮುಚ್ಚಿದಳು, ಕಡತವನ್ನು ಅಳಿಸಿದಳು, ಮತ್ತೆ ತೆರೆದಳು. ಗೆರೆಗಳು ಮರಳಿ ಬಂದಿದ್ದವು. ಮೊದಲನೆಯ ಬಗೆಯ ಕಡತವನ್ನು ತಂದು ತನಗೊಬ್ಬಳಿಗೇ ಹಾಕಿಕೊಳ್ಳಬಹುದಿತ್ತು. ಅದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ತರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಅವಳ ಪಾತ್ರದ ಬಣ್ಣ ತಂಗಿಯ ಬಣ್ಣದ ಹತ್ತಿರಕ್ಕೆ ಬಂದಿತ್ತು. ಮೂಗು ಇನ್ನೂ ಸಪೂರವಾಗಿಯೇ ಇದೆ. ನಾನು ಕೇಳಲಿಲ್ಲ. ಅಕ್ಕನನ್ನು ನೋಡಲು ಮುಂದಿನ ತಿಂಗಳು ಇನ್ನೊಂದು ಕಡೆಯವರು ಬರುತ್ತಾರಂತೆ. ಬರುವ ಮೊದಲೇ ಆ ಮನೆಯ ಹಿರಿಯರೊಡನೆ ಬಣ್ಣದ ವಿಷಯ ನಾನೇ ಮಾತನಾಡುವೆನೆಂದು ತಂಗಿಗೆ ಹೇಳಿದ್ದೇನೆ. ಹುಡುಗಿ ಈಗ ತಂದೆಯ ಪಾತ್ರಕ್ಕೊಂದು ಲುಂಗಿ ಹುಡುಕುತ್ತಿದ್ದಾಳೆ. ಮಾಡ್ ಮಾಡುವವರು ಕಿಲ್ಟ್ ಮಾಡಿದ್ದಾರೆ, ಟವೆಲ್ ಮಾಡಿದ್ದಾರೆ. ಚೌಕಳಿಯ, ಮೊಣಕಾಲಿಗೆ ಮಡಚಿ ಕಟ್ಟಿದ ಲುಂಗಿ ಅವಳಿಗೆ ಇನ್ನೂ ಸಿಕ್ಕಿಲ್ಲ. ಬ್ಲೆಂಡರ್ ಕಲಿಯುತ್ತೇನೆ ಎನ್ನುತ್ತಾಳೆ.