ಹೆಬ್ಬೆರಳೆತ್ತರದ ಲೋಟ

ನಮ್ಮ ಮನೆಯ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಡುವೆ ಎರಡು ಪುಟ್ಟ ಲೋಟಗಳಿವೆ. ಎತ್ತರ ನನ್ನ ಹೆಬ್ಬೆರಳಷ್ಟು. ಅರಿಶಿನ ಕುಂಕುಮಕ್ಕೆ ಬಂದವರು ಅದನ್ನು ಭರಣಿ ಎಂದುಕೊಳ್ಳುತ್ತಾರೆ. ಮಕ್ಕಳು ಆಟದ ಸಾಮಾನೆಂದು ಕೈ ಚಾಚುತ್ತವೆ. "ಇದು ಮೂರು ಕಿಲೋಮೀಟರು ಆಳದ ಸಮುದ್ರ ನೋಡಿ ಬಂದ ಲೋಟ" ಎಂದರೆ ಯಾರೂ ನಂಬುವುದಿಲ್ಲ. ಹಿಂದೆ ಮದುವೆ ಮನೆಯಲ್ಲಿ ಕಾಫಿ ಕೊಡುತ್ತಿದ್ದರಲ್ಲ, ಬಿಳಿಯ ಥರ್ಮೊಕೋಲ್ ಲೋಟ, ಅದೇ ಇದು. ಇಳಿಯುವಾಗ ಮಾಮೂಲಿ ಗಾತ್ರದಲ್ಲೇ ಇತ್ತು. ಮೇಲೆ ಬರುವಾಗ ಹೀಗಾಗಿತ್ತು. ಸಮುದ್ರದಲ್ಲಿ ಹತ್ತು ಮೀಟರು ಇಳಿದಂತೆಲ್ಲ ನಮ್ಮ ತಲೆಯ ಮೇಲಿರುವ ಇಡೀ ಗಾಳಿಯ ಭಾರದಷ್ಟು ಭಾರ ಹೆಚ್ಚುತ್ತಾ ಹೋಗುತ್ತದಂತೆ. ಮೂರು ಸಾವಿರ ಮೀಟರಿನಲ್ಲಿ ಅದು ಮುನ್ನೂರು ಪಟ್ಟು. ಥರ್ಮೊಕೋಲಿನೊಳಗೆ ಇರುವುದೆಲ್ಲ ಗಾಳಿಯೇ ತಾನೆ, ಅದನ್ನೆಲ್ಲ ಹಿಂಡಿ ತೆಗೆದುಬಿಟ್ಟಿದೆ. ಒಂದು ಲೋಟದ ಮೇಲೆ ನನ್ನ ಹೆಸರಿದೆ, ಇನ್ನೊಂದರ ಮೇಲೆ ನಮ್ಮ ಅತ್ತೆಯವರದು. ಮಗಳು ದಪ್ಪ ಪೆನ್ನಿನಲ್ಲಿ ಅಂಗೈಯಗಲ ಬರೆದ ಅಕ್ಷರಗಳು ಈಗ ಇರುವೆ ಸಾಲಿನಂತಾಗಿವೆ. ಒಂದು ಒತ್ತಕ್ಷರವೂ ಸೊಟ್ಟಗಾಗಿಲ್ಲ.

ಇಪ್ಪತ್ತು ವರ್ಷದ ಮೇಲಿನ ಮಾತು. ಮಗಳು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಗೋವೆಯಲ್ಲಿ ಸಮುದ್ರದ ನೀರಿನ ಸಂಶೋಧನೆಗೆ ಸೇರಿಕೊಂಡಿದ್ದಳು. ಕುಮಟೆಯಿಂದ ಗೋವೆಗೆ ಎಷ್ಟು ದೂರ, ಕೊಂಕಣ ರೈಲು ಬಂದ ಮೇಲಂತೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಎಂದು ನಾನು ನಿಶ್ಚಿಂತೆಯಿಂದಿದ್ದೆ. ಸಮುದ್ರದ ನೀರೆಂದರೆ ಯಾರೋ ಬಾಟಲಿಯಲ್ಲಿ ತಂದುಕೊಡುತ್ತಾರೆ, ಇವಳು ಕುಳಿತು ಪರೀಕ್ಷಿಸುತ್ತಾಳೆ ಎಂದು ನನ್ನ ಕಲ್ಪನೆ. ಒಂದು ರಾತ್ರಿ ಫೋನು ಬಂತು. "ಅಮ್ಮಾ, ಮುಂದಿನ ತಿಂಗಳು ಹಡಗಿನಲ್ಲಿ ಹೋಗಬೇಕು. ಮೂವತ್ತು ದಿನ."

ನನ್ನ ಕೈಕಾಲು ತಣ್ಣಗಾಯಿತು. ತೊಂಬತ್ತು ಜನರ ಹಡಗು, ಇವಳನ್ನೂ ಸೇರಿಸಿ ಹೆಣ್ಣುಮಕ್ಕಳು ಇಬ್ಬರೇ. ಆಗಲೇ ಒಂದು ಕಡೆಯಿಂದ ಜಾತಕ ಕೇಳಿದ್ದರು. ಅವರ ಕಿವಿಗೆ ಬಿದ್ದರೆ? ಮನೆಯವರು ಪೇಪರಿನ ಹಿಂದಿನಿಂದ "ನೀನೇ ಹೇಳು" ಎಂದರು. ಕಷ್ಟದ ಮಾತೆಲ್ಲ ನನಗೆ ಬಿಡುವುದು ಅವರ ಉದಾರತೆ. ನಿರ್ಧಾರ ಮಾಡಿದವರು ಅತ್ತೆ. ಆಗ ಅವರಿಗೆ ಎಂಬತ್ತರ ಹತ್ತಿರ. ಜಗುಲಿಯ ಮೇಲೆ ದಿಂಬಿಗೊರಗಿ, ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಾ ಹೇಳಿದರು: "ಹೋಗಿ ಬರ್ಲಿ ಬಿಡು. ನಾವಂತೂ ಹೊಗೆ ಕುಡಿದದ್ದಾಯ್ತು. ಅದಾದ್ರೂ ಚೊಲೋ ಗಾಳಿ ಕುಡಿದು ಬರ್ಲಿ."

ಹೊರಡುವ ಹಿಂದಿನ ದಿನ ಮನೆಯವರಿಗೆ ಹಡಗು ನೋಡಲು ಅರ್ಧ ದಿನದ ಪಾಸು ಸಿಕ್ಕಿತು. ಮುರ್ಮುಗೋವಾ ಬಂದರಿನಲ್ಲಿ ಅದಿರಿನ ಕೆಂಪು ಧೂಳಿನ ನಡುವೆ ಬೆಳ್ಳಗೆ ನಿಂತಿತ್ತು 'ಸಾಗರ ಕನ್ಯಾ'. ಜರ್ಮನಿಯಲ್ಲಿ ಕಟ್ಟಿದ್ದು, 1983ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಉದ್ದ ನೂರು ಮೀಟರು. ಒಮ್ಮೆ ಹೊರಟರೆ ನಲವತ್ತೈದು ದಿನ ದಡ ಮುಟ್ಟದೆ ಇರಬಲ್ಲದು. ಹೆಸರೇನೋ ಕನ್ಯೆಯದು, ಒಳಗೆ ನೋಡಿದರೆ ಬರೀ ಗಂಡಸರು ಎಂದು ನಾನು ಗೊಣಗಿದ್ದಕ್ಕೆ ಮಗಳು ನಕ್ಕಳು. ಆ ಹಡಗು ಬಂದ ವರ್ಷದ ಕೊನೆಯಲ್ಲೇ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತಾ ಎಂಬ ಇಬ್ಬರು ಹೆಣ್ಣುಮಕ್ಕಳು ಅಂಟಾರ್ಕ್ಟಿಕಕ್ಕೇ ಹೋಗಿ ಬಂದರು, ಅದಿತಿ ಪಂತ್ ಇವಳ ಹಾಗೆ ಸಮುದ್ರ ವಿಜ್ಞಾನಿಯೇ ಎಂದು ಹೇಳಿದಳು. ಇವಳು ಮೊದಲೇ ಈ ಮಾತು ಹೇಳಿದ್ದರೆ ನಾನು ಒಂದು ವಾರದ ನಿದ್ದೆ ಉಳಿಸಿಕೊಳ್ಳುತ್ತಿದ್ದೆ.

ಹಡಗೆಂದರೆ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು ಎಂದು ನಾನು ತಿಳಿದಿದ್ದೆ. ಈ ಹಡಗಿನ ಕೆಲಸ ಹೋಗುವುದಲ್ಲ, ನಿಲ್ಲುವುದು. ನಡುಸಮುದ್ರದಲ್ಲಿ ನಕ್ಷೆಯ ಮೇಲೆ ಒಂದು ಚುಕ್ಕೆ ಗುರುತಿಸಿಕೊಂಡಿರುತ್ತಾರೆ. ಅಲ್ಲಿ ಹೋಗಿ ಗಾಳಿ, ಅಲೆ ಎಳೆದರೂ ಜರುಗದಂತೆ ಗಂಟೆಗಟ್ಟಲೆ ನಿಲ್ಲುತ್ತದೆ. ನೀರು ತೆಗೆಯುತ್ತಾರೆ, ಮುಂದಿನ ಚುಕ್ಕೆಗೆ ಹೋಗುತ್ತಾರೆ. ಹಗಲೆಂದಿಲ್ಲ, ರಾತ್ರಿಯೆಂದಿಲ್ಲ.

ನೀರು ತೆಗೆಯುವ ಸಲಕರಣೆ ನೋಡಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಯಾಕೆಂದರೆ ಅದು ನನಗೆ ಅರ್ಥವಾಯಿತು! ನಲವತ್ತು ವರ್ಷ ಬಾವಿಯಿಂದ ನೀರು ಸೇದಿದ ಕೈ ನನ್ನದು. ಇಲ್ಲಿಯೂ ಹಗ್ಗ, ರಾಟೆ, ಕೊಡ. ಹಗ್ಗ ಮಾತ್ರ ಉಕ್ಕಿನದು, ಸಾವಿರಾರು ಮೀಟರು ಉದ್ದ, ನಮ್ಮ ಬಚ್ಚಲಮನೆಯಷ್ಟು ದೊಡ್ಡ ಉರುಳೆಗೆ ಸುತ್ತಿಟ್ಟಿದ್ದರು. ಕೊಡದ ಬದಲು ಒಂದು ಕಬ್ಬಿಣದ ಚೌಕಟ್ಟಿನ ಸುತ್ತ ಉದ್ದುದ್ದ ಕೊಳವೆಯಂಥ ಬಾಟಲಿಗಳನ್ನು ಉತ್ತುತ್ತಿಯ ಮಾಲೆಯಂತೆ ಜೋಡಿಸಿದ್ದರು. "ಅಮ್ಮಾ, ಬಾವಿಯ ಕೊಡ ಮೇಲಿನ ನೀರನ್ನೇ ತುಂಬಿಕೊಂಡು ಬರ್ತದೆ. ನಮಗೆ ಐನೂರು ಮೀಟರಿನ ನೀರು ಬೇಕಾದರೆ?" ಎಂದು ಮಗಳು ಕೇಳಿದಳು. ನನಗೆ ಹೊಳೆಯಲಿಲ್ಲ. ಈ ಬಾಟಲಿಗಳಿಗೆ ಮೇಲೂ ಬಾಯಿ, ಕೆಳಗೂ ಬಾಯಿ. ಎರಡನ್ನೂ ತೆರೆದೇ ಇಳಿಸುತ್ತಾರೆ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿರುತ್ತದೆ. ತೀರಾ ಕೆಳಗೆ ಮುಟ್ಟಿಸಿ, ಮೇಲೆ ಎಳೆಯುತ್ತಾ ಬೇಕಾದ ಆಳದಲ್ಲಿ ನಿಲ್ಲಿಸಿ, ಹಡಗಿನ ಕೋಣೆಯಲ್ಲಿ ಕುಳಿತವರು ಒಂದು ಗುಂಡಿ ಒತ್ತುತ್ತಾರೆ. ಒಂದು ಬಾಟಲಿ ಎರಡೂ ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನಷ್ಟು ಮೇಲೆ ಬಂದು ಇನ್ನೊಂದು. ಹಗ್ಗದೊಳಗೇ ವಿದ್ಯುತ್ತಿನ ತಂತಿ ಇರುವುದರಿಂದ ಇದು ಸಾಧ್ಯ. ಬಾಟಲಿಗಳ ಕೆಳಗೆ ಕಟ್ಟಿದ ಉಪಕರಣ ಅದೇ ತಂತಿಯಲ್ಲಿ ನೀರಿನ ಉಪ್ಪು, ಬಿಸಿ, ಆಳ ಮೂರನ್ನೂ ಕ್ಷಣಕ್ಷಣಕ್ಕೆ ಮೇಲೆ ಹೇಳುತ್ತಿರುತ್ತದೆ. ಉಪ್ಪನ್ನು ನಾಲಿಗೆಯಿಂದ ನೋಡುವ ಹಾಗಿಲ್ಲವಲ್ಲ. ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರಿಂದ ಲೆಕ್ಕ ಹಾಕುತ್ತಾರೆ.

ಸೆಕೆಂಡಿಗೆ ಒಂದು ಮೀಟರಿನಂತೆ ಇಳಿಸಿದರೂ ಮೂರು ಕಿಲೋಮೀಟರು ಇಳಿಯಲು ಐವತ್ತು ನಿಮಿಷ ಬೇಕು. ಬಾವಿಕಟ್ಟೆಯಲ್ಲಿ ಅಷ್ಟು ಹೊತ್ತು ನಿಂತರೆ ಕೇರಿಯ ಸುದ್ದಿಯೆಲ್ಲ ಮುಗಿಯುತ್ತದೆ.

ಉಳಿದದ್ದನ್ನು ಬೇಗ ಬೇಗ ತೋರಿಸಿದಳು. ತಳದ ಕೆಸರನ್ನು ಪದರ ಕೆಡದಂತೆ ಎತ್ತುವ ಭಾರದ ಕೊಳವೆ, ಕಣ್ಣಿಗೆ ಕಾಣದ ಜೀವಿಗಳನ್ನು ಸೋಸುವ ರೇಷ್ಮೆಯಷ್ಟು ನವಿರಾದ ಬಲೆ. ಹಡಗಿನ ಹೊಟ್ಟೆಯಡಿಯಿಂದ ಬೀಸಣಿಗೆಯಂತೆ ಶಬ್ದ ಬಿಟ್ಟು ಮರುದನಿ ಕೇಳಿಸಿಕೊಳ್ಳುವ ಯಂತ್ರದ ಮುಂದೆ ಮಾತ್ರ ನಾನು ನಿಂತುಬಿಟ್ಟೆ. ಮೂರು ಕಿಲೋಮೀಟರಿನ ತಳ ಮುಟ್ಟಿ ಆ ಶಬ್ದ ವಾಪಸು ಬರಲು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡುಗಳನ್ನು ಪೋಣಿಸಿ ಪೋಣಿಸಿ ಕತ್ತಲೆಯ ಗುಡ್ಡಬೆಟ್ಟಗಳ ನಕ್ಷೆ ಬಿಡಿಸುತ್ತಾರೆ. ತಳದಲ್ಲಿ ಲೋಹದ ಗಂಟುಗಳೂ ಇವೆಯಂತೆ. ಆಲೂಗಡ್ಡೆಯಂತಿರುವ ಅವು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತವೆ. 1981ರ ಗಣರಾಜ್ಯೋತ್ಸವದ ದಿನ 'ಗವೇಷಣಿ' ಎಂಬ ಹಳೆಯ ಹಡಗು ನಮ್ಮವರ ಮೊದಲ ಗಂಟನ್ನು ಎತ್ತಿ ತಂದಿತ್ತು.

ನಾನು ಅಡುಗೆಮನೆ ನೋಡದೆ ಇಳಿಯಲಿಲ್ಲ. ಊಟದ ಮೇಜಿಗೆಲ್ಲ ತಟ್ಟೆ ಜಾರದಂತೆ ಅಂಚುಕಟ್ಟು. ಒಲೆಯ ಮೇಲೂ ಪಾತ್ರೆ ಹಿಡಿಯುವ ಸರಳುಗಳು. ಕುಡಿಯುವ ನೀರು ತೀರಿದರೆ ಸಮುದ್ರದ ನೀರನ್ನೇ ಆವಿ ಮಾಡಿ ಸಿಹಿ ಮಾಡಿಕೊಳ್ಳುವ ಯಂತ್ರ. ಹೆಣ್ಣುಮಕ್ಕಳ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ನಾನೇ ಎರಡು ಬಾರಿ ಹಾಕಿ ತೆಗೆದು ನೋಡಿದೆ. ಬೆಸನ್ ಲಾಡು, ನಿಂಬೆಹಣ್ಣು, ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟು ಇಳಿದು ಬಂದೆವು.

ಆ ಮೂವತ್ತು ದಿನ ಹೇಗೆ ಕಳೆಯಿತೋ. ನಮ್ಮ ಮನೆಯ ಹಿತ್ತಲಿನಿಂದ ಕಡಲಿನ ಮೊರೆತ ಕೇಳುತ್ತದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಆ ತಿಂಗಳು ಮಾತ್ರ ನನ್ನನ್ನು ರಾತ್ರಿ ಎಬ್ಬಿಸುತ್ತಿತ್ತು. ಜಾತಕ ಕೇಳಿದವರು "ಹುಡುಗಿ ಈಗ ಎಲ್ಲಿದ್ದಾಳೆ?" ಎಂದು ಫೋನು ಮಾಡಿದರು. "ಅರಬ್ಬೀ ಸಮುದ್ರದಲ್ಲಿ" ಎಂದೆ. ಮತ್ತೆ ಅವರ ಫೋನು ಬರಲಿಲ್ಲ.

ಬಂದಳು, ಕಪ್ಪಗಾಗಿ, ಸೊರಗಿ. ಮೊದಲ ನಾಲ್ಕು ದಿನ ವಾಂತಿ. ಆಮೇಲೆ ನಡುರಾತ್ರಿ ಎರಡಕ್ಕೆ ಎಬ್ಬಿಸಿದರೂ ಬಾಟಲಿ ಹಿಡಿದು ನಿಲ್ಲುವಷ್ಟು ಗಟ್ಟಿಯಾದಳಂತೆ. ಬಾಟಲಿಗಳ ಮಾಲೆ ಮೇಲೆ ಬಂದ ಕೂಡಲೇ ಎಲ್ಲರಿಗಿಂತ ಮೊದಲ ಸರದಿ ಅವಳದು. ಯಾಕೆಂದರೆ ಅವಳು ಅಳೆಯುತ್ತಿದ್ದದ್ದು ನೀರಿನೊಳಗಿನ ಆಮ್ಲಜನಕ. ತಡಮಾಡಿದರೆ ಗಾಳಿ ಬೆರೆತು ಲೆಕ್ಕ ಕೆಡುತ್ತದೆ. ರಬ್ಬರಿನ ನಳಿಗೆಯನ್ನು ಗಾಜಿನ ಶೀಶೆಯ ತಳಕ್ಕೆ ಮುಟ್ಟಿಸಿ, ಒಂದು ಗುಳ್ಳೆಯೂ ಏಳದಂತೆ ತುಂಬಿ, ಉಕ್ಕಿ ಹರಿಸಿ, ಎರಡು ಔಷಧಿ ಹಾಕಿ ಬಿರಡೆ ಒತ್ತಬೇಕು. ವಿಂಕ್ಲರ್ ಎಂಬವನು 1888ರಲ್ಲಿ ಹೇಳಿಕೊಟ್ಟ ಉಪಾಯ, ಅಷ್ಟೆಲ್ಲ ಯಂತ್ರಗಳ ನಡುವೆ ಇನ್ನೂ ಇದೇ ನಡೆಯುತ್ತದೆ. ಮೇಲ್ಗಡೆಯ ನೀರು ಒಡನೆಯೇ ಕಾಫಿ ಗಷ್ಟಿನಂತೆ ಕಂದಾಗುತ್ತದೆ, ಅಂದರೆ ಉಸಿರು ತುಂಬಿದೆ ಎಂದರ್ಥ. ಇನ್ನೂರು ಮುನ್ನೂರು ಮೀಟರಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೇ ಉಳಿಯುತ್ತದೆ. ಅಲ್ಲಿ ಉಸಿರಿಲ್ಲ. ಮೇಲಿನಿಂದ ಸತ್ತು ಬೀಳುವುದನ್ನೆಲ್ಲ ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿದ್ದ ಆಮ್ಲಜನಕವನ್ನು ತಿಂದು ಮುಗಿಸಿರುತ್ತವೆ. ಅರಬ್ಬೀ ಸಮುದ್ರದಲ್ಲಿ ಸಾವಿರ ಮೀಟರಿನ ತನಕ ಹೀಗೇ. ಅದಕ್ಕಿಂತ ಕೆಳಗೆ ಹೋದರೆ ಮತ್ತೆ ಕಂದು ಬಣ್ಣ ಇಣುಕುತ್ತದೆ; ಅದು ದಕ್ಷಿಣ ಧ್ರುವದ ಕಡೆಯಿಂದ ತಳ ಹಿಡಿದು ತೆವಳಿ ಬಂದ ತಣ್ಣೀರು.

ಅತ್ತೆ ಇದನ್ನೆಲ್ಲ ಬಾಯಿಬಿಟ್ಟು ಕೇಳುತ್ತಿದ್ದರು. "ಸಮುದ್ರಕ್ಕೂ ಉಬ್ಬಸವೇ!" ಎಂದರು.

ಆಗ ಮಗಳು ಚೀಲದಿಂದ ಪ್ಲಾಸ್ಟಿಕ್ ಲಕೋಟೆಯೊಂದನ್ನು ತೆಗೆದಳು. ಹಡಗಿನ ಮುಂಭಾಗದಲ್ಲಿ ಎತ್ತರಕ್ಕೆ ಒಂದು ಕೊಳವೆ ಕಟ್ಟಿರುತ್ತಾರಂತೆ. ಹಡಗಿನ ಚಿಮಣಿಯ ಹೊಗೆ ಸೋಕದ ಹಾಗೆ, ಗಾಳಿ ಎದುರಿನಿಂದ ಬರುವಾಗ ಮಾತ್ರ ಅದು ಗಾಳಿ ಎಳೆದು ಬಿಳಿ ಕಾಗದದ ಮೂಲಕ ಸೋಸುತ್ತದೆ. ಲೆಕ್ಕಕ್ಕೆ ಬಾರದೆ ಹರಿದುಹೋದ ಒಂದು ತುಂಡನ್ನು ಆ ಕೆಲಸದವರು ಇವಳಿಗೆ ಕೊಟ್ಟಿದ್ದರು. ದಡದಿಂದ ನೂರಾರು ಮೈಲು ದೂರದ, ಸುತ್ತ ನೀರಲ್ಲದೆ ಏನೂ ಕಾಣದ ಜಾಗದ ಗಾಳಿ. ಕಾಗದ ಮಸಿ ಬೂದು ಬಣ್ಣವಾಗಿತ್ತು.

ಇದು ಹೊಸ ಸಂಗತಿಯೇನಲ್ಲ ಎಂದಳು. 1999ರ ಜನವರಿಯಿಂದ ಮಾರ್ಚ್ ತನಕ ಇಂಡೋಎಕ್ಸ್ ಎಂಬ ದೊಡ್ಡ ಪ್ರಯೋಗವೇ ನಡೆದಿತ್ತು. ವಿಮಾನಗಳು, ಅಮೆರಿಕದ ಒಂದು ಹಡಗು, ನಮ್ಮ ಇದೇ ಸಾಗರ ಕನ್ಯಾ ಎಲ್ಲ ಸೇರಿ ಹಿಂದೂ ಮಹಾಸಾಗರದ ಗಾಳಿಯನ್ನು ಅಳೆದವು. ಚಳಿಗಾಲದಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ನಮ್ಮ ಕಡೆಯ ಹೊಗೆ ಮುಸುಕು ಭೂಮಧ್ಯರೇಖೆಯ ಆಸುಪಾಸಿನ ತನಕ ಚಾಚಿಕೊಂಡಿತ್ತು. ಅದನ್ನು ದಾಟಿ ದಕ್ಷಿಣಕ್ಕೆ ಹೋದ ಮೇಲೆಯೇ ಗಾಳಿ ತಿಳಿಯಾದದ್ದು. ಲಾರಿ, ಕಾರ್ಖಾನೆಗಳ ಜೊತೆಗೆ ಸೌದೆ, ಬೆರಣಿ, ಕಸಕಡ್ಡಿ ಉರಿಸಿದ ಹೊಗೆಯೂ ಅದರಲ್ಲಿದೆ.

ಅತ್ತೆ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ತಿಕ್ಕಿ ಬೆರಳನ್ನೂ ನೋಡಿದರು. "ಇದು ನಮ್ಮ ಬಚ್ಚಲಮನೆ ಗೋಡೆ ಬಣ್ಣ" ಎಂದರು. ನಗೆಯಾಡಿದರೋ ಏನೋ ನನಗೆ ತಿಳಿಯಲಿಲ್ಲ. ಹದಿಮೂರನೆಯ ವರ್ಷಕ್ಕೆ ಈ ಮನೆಗೆ ಬಂದವರು ಅವರು. ಹಸಿ ಸೌದೆ, ತೆಂಗಿನ ಮಡಲು, ಅಡಕೆ ಸಿಪ್ಪೆ, ಮಳೆಗಾಲದಲ್ಲಿ ಊದುಕೊಳವೆ. ಅಡುಗೆಗೆ ಗ್ಯಾಸು ಬಂದದ್ದು ಅವರಿಗೆ ಅರವತ್ತಾದ ಮೇಲೆ. ಬಚ್ಚಲೊಲೆ ಹಾಗೆಯೇ ಇತ್ತು. ತಾಮ್ರದ ಹಂಡೆಯ ನೀರಿನ ಸುಖ ಬಿಡಲು ನನಗೇ ಮನಸ್ಸಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅತ್ತೆಯ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ತರುಣ ವೈದ್ಯರು ಎಕ್ಸ್‌ರೇ ಎತ್ತಿ ಹಿಡಿದು, "ಅಜ್ಜಿಗೆ ಬೀಡಿ ಅಭ್ಯಾಸ ಇತ್ತೇ?" ಎಂದು ಕೇಳಿದರು. ಮನೆಯವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ವೈದ್ಯರು ಒಲೆಯ ಬಗ್ಗೆ ಏನೂ ಕೇಳಲಿಲ್ಲ, ನಾನಾದರೂ ಹೇಳಬಹುದಾಗಿತ್ತು. ಬಾಯಿಗೆ ಬಂದ ಮಾತು, ಗಂಡಸರೆಲ್ಲ ನಿಂತಿದ್ದರೆಂದೋ ಏನೋ, ಹೊರಡಲಿಲ್ಲ. ಹನ್ನೊಂದು ದಿನ ಆಮ್ಲಜನಕದ ಸಿಲಿಂಡರು ಪಕ್ಕದಲ್ಲಿತ್ತು. ಆ ಗಾಜಿನ ಬುಡ್ಡಿಯಲ್ಲಿ ಏಳುತ್ತಿದ್ದ ಗುಳ್ಳೆಗಳನ್ನೇ ಮಗಳು ನೋಡುತ್ತಾ ಕುಳಿತಿರುತ್ತಿದ್ದಳು. ಹನ್ನೆರಡನೆಯ ದಿನ ಅತ್ತೆ ಹೋದರು.

2009ರಲ್ಲಿ ವಿಜ್ಞಾನಿಗಳು ಮಾಲ್ಡೀವ್ಸ್ ದ್ವೀಪದಲ್ಲೂ ಪುಣೆ ಹತ್ತಿರದ ಸಿಂಹಗಡದಲ್ಲೂ ಹಿಡಿದ ಮಸಿಯ ಇಂಗಾಲದ ವಯಸ್ಸು ನೋಡಿ, ಅದರಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲು ಸೌದೆ, ಬೆರಣಿ, ಒಣಹುಲ್ಲಿನಂಥವನ್ನು ಉರಿಸಿ ಬಂದದ್ದು ಎಂದು ಬರೆದರು. ಪೆಟ್ರೋಲು, ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ಹಳೆಯದು, ಮರದ್ದು ಎಳೆಯದು. ಹಾಗೆ ಬೇರೆ ಮಾಡುತ್ತಾರೆ. ಮಗಳು ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ನಾನು ಬಚ್ಚಲೊಲೆಯ ಮುಂದೆಯೇ ನಿಂತಿದ್ದೆ. ಆ ವರ್ಷವೇ ಮೇಲೆ ಸೋಲಾರ್ ಹಾಕಿಸಿದೆವು. ಹಂಡೆಯನ್ನು ಮಾತ್ರ ಮಾರಲಿಲ್ಲ. ದೀಪಾವಳಿಯ ಹಿಂದಿನ ರಾತ್ರಿ ನೀರು ತುಂಬಿ, ಹಿಂಡ್ಲೆ ಬಳ್ಳಿ ಸುತ್ತಿ ಪೂಜೆ ಮಾಡುತ್ತೇವೆ; ಬೆಳಗಿನ ಜಾವ ಅದೊಂದು ದಿನ ಉರಿ ಹಾಕುತ್ತೇವೆ.

ಮಗಳು ಆಮೇಲೆ ಎಷ್ಟು ಸಲ ಹಡಗು ಹತ್ತಿದಳೋ, ನಾನು ಎಣಿಸುವುದನ್ನು ಬಿಟ್ಟೆ. ಮದುವೆಯೂ ಆಯಿತು, ಅಳಿಯನಿಗೆ ಹಡಗೆಂದರೆ ವಾಂತಿ, ಅವನು ದಡದಲ್ಲೇ ಇರುತ್ತಾನೆ. ಲೋಟಗಳನ್ನು ಅವಳು ಆ ಮೊದಲ ಸಲವೇ ತಂದದ್ದು, ಬಾಟಲಿಗಳ ಚೌಕಟ್ಟಿಗೆ ಬಲೆಯ ಚೀಲದಲ್ಲಿ ಕಟ್ಟಿ ಇಳಿಸಿದ್ದಳಂತೆ. ಅತ್ತೆಗೆ ಓದು ಬರುತ್ತಿರಲಿಲ್ಲ. "ಇದರಲ್ಲಿ ನನ್ನದು ಯಾವುದು?" ಎಂದು ಕೇಳಿ, ತೋರಿಸಿದ ಮೇಲೆ, ಅದರಲ್ಲೊಂದಿಷ್ಟು ನಶ್ಯ ತುಂಬಿಟ್ಟುಕೊಂಡಿದ್ದರು. ಈಗಲೂ ಮೂಗಿನ ಹತ್ತಿರ ತಂದರೆ ಸ್ವಲ್ಪ ವಾಸನೆ ಬರುತ್ತದೆ.