ಎಪ್ಪತ್ತು ಕಿಲೋಮೀಟರ್ ಆಚೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಎಲ್ಲರೂ ಒಪ್ಪಿಕೊಂಡ ಕಾನೂನು. ನಮ್ಮ ಓನರ್ ಅದರ ಜೊತೆಗೆ ಗೋಡೆಗೆ ಹೊಡೆದಿದ್ದ 6 ಮೊಳೆಗಳಿಗೂ ಲೆಕ್ಕ ಹಾಕಿದರು. ಕಳೆದು ಉಳಿದ ಅಡ್ವಾನ್ಸಿನಲ್ಲಿ ತುಮಕೂರಿನ ಮನೆಯ ಅಡ್ವಾನ್ಸ್, ಸಾಮಾನು ಸಾಗಿಸಿದ ಲಾರಿ, ಮಗಳ ಶಾಲೆಯ ಫೀಸು ಎಲ್ಲ ಮುಗಿದು ಇನ್ನೂ ಒಂದಿಷ್ಟು ಮಿಕ್ಕಿತು. ಹನ್ನೊಂದು ವರ್ಷದ ಬೆಂಗಳೂರು ವಾಸದಲ್ಲಿ ನಮಗೆ ಹೀಗೆ ದುಡ್ಡು ಮಿಕ್ಕಿದ್ದು ನೆನಪಿಲ್ಲ.

ಇವರು ಸಿಎನ್‌ಸಿ ಆಪರೇಟರ್. ಪೀಣ್ಯದ ಸಣ್ಣ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿದ್ದು, ಕೊನೆಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ 2,000 ಕಡಿಮೆ. ಆದರೆ 17,000 ಇದ್ದ ಬಾಡಿಗೆ 8,500ಕ್ಕೆ ಇಳಿಯಿತು. ‘ಸಣ್ಣ ಊರಲ್ಲಿ ಎಲ್ಲಾ ಅಗ್ಗ’ ಎನ್ನುವವರು ಅಲ್ಲಿ ಸಂಸಾರ ಮಾಡಿರುವುದಿಲ್ಲ. ನಂದಿನಿ ಹಾಲು, ಗ್ಯಾಸ್ ಸಿಲಿಂಡರ್, ಪೆಟ್ರೋಲು ಹೆಚ್ಚುಕಡಿಮೆ ಅದೇ ದರ. ಇಳಿದದ್ದು ಬಾಡಿಗೆ ಮತ್ತು ಸ್ಕೂಲ್ ಫೀಸು, ಅಷ್ಟೇ. ನೀರಿನ ಚಿಂತೆ ಇಲ್ಲಿಗೂ ಜೊತೆಗೆ ಬಂತು. ಅಲ್ಲಿ ಟ್ಯಾಂಕರ್ ಬಂತಾ ಎಂದು ಕೇಳುತ್ತಿದ್ದೆವು, ಇಲ್ಲಿ ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂತಾ ಎಂದು ಕೇಳುತ್ತೇವೆ.

ಇಲ್ಲಿನ ಓನರ್ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಅದು 2016ರಲ್ಲಿ ಮುಚ್ಚಿತು. ಅವರ ಕೈಯಲ್ಲಿ ಮಾತ್ರ ಎಚ್‌ಎಂಟಿ ಇನ್ನೂ ಓಡುತ್ತಿದೆ, ದಿನಾ ಬೆಳಿಗ್ಗೆ ಕೀ ಕೊಡುತ್ತಾರೆ. ಗುಬ್ಬಿ ಕಡೆ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಸೈಟಿನ ಏಜೆಂಟರು ಬೀದಿಬೀದಿ ಸುತ್ತುತ್ತಿದ್ದಾರೆ. ಇವರೂ ಒಮ್ಮೆ ಸೈಟಿನ ಮಾತೆತ್ತಿದಾಗ ಓನರ್, “ಕಾರ್ಖಾನೆ ನಂಬ್ಕಂಡು ಸಾಲ ಮಾಡ್ಬೇಡಿ ಕಣಪ್ಪ, ದುಡ್ಡಿದ್ರೆ ತಗಳಿ” ಅಂದರು. ಇವರು ಮತ್ತೆ ಆ ಮಾತೆತ್ತಿಲ್ಲ.

ಬೆಂಗಳೂರು ಬಿಟ್ಟು ಬಂದವರು ಇವರು ಮತ್ತು ಮಗಳು. ನಾನು ದಿನಾ ವಾಪಸ್ ಹೋಗುತ್ತೇನೆ. ಮಲ್ಲೇಶ್ವರದ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುವ ಕೆಲಸ, 23,000 ಸಂಬಳ. ಅಪ್ ಅಂಡ್ ಡೌನ್ ಮಾಡುವವರ ಲೋಕವೇ ಬೇರೆ. ಕ್ಯಾತಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ಎಂದು ಯಾರೂ ಕಿಟಕಿಯಾಚೆ ನೋಡುವುದಿಲ್ಲ. ಬ್ರೇಕ್ ಹಿಡಿದ ರೀತಿಯಲ್ಲೇ ಸ್ಟೇಷನ್ ಗೊತ್ತಾಗುತ್ತದೆ. ನಮ್ಮ ಬೋಗಿಯಲ್ಲಿ ಒಬ್ಬರು ಟೀಚರ್, ಒಬ್ಬರು ನರ್ಸ್, ಇಬ್ಬರು ಗಾರ್ಮೆಂಟ್ಸಿನವರು. ಒಬ್ಬರಿಗೊಬ್ಬರು ಸೀಟು ಹಿಡಿಯುತ್ತಾರೆ. ಚಳಿಗಾಲದಲ್ಲಿ ಸಂಜೆ ಯಶವಂತಪುರದಲ್ಲಿ ಹತ್ತಿದರೆ ತುಮಕೂರು ಬರುವಷ್ಟರಲ್ಲಿ ಒಂದು ಸೇರು ಅವರೆಕಾಯಿ ಬಿಡಿಸಿ ಮುಗಿದಿರುತ್ತದೆ. ಗಂಡಂದಿರ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ ಗರ್ಭಕೋಶದ ಆಪರೇಷನ್ ಬಗ್ಗೆಯೂ ಮಾತು ಬರುತ್ತದೆ. ಬೆಂಗಳೂರಿನ ನಮ್ಮ ವಠಾರದಲ್ಲಿ ಹನ್ನೊಂದು ವರ್ಷಕ್ಕೂ ನನಗೆ ಇಷ್ಟು ಸ್ನೇಹಿತೆಯರಾಗಿರಲಿಲ್ಲ.

ಆದರೆ ನಾನು ಮನೆ ಬಿಡುವಾಗ ಇನ್ನೂ ಕತ್ತಲೆ. ಮೂರನೇ ಕ್ಲಾಸಿನ ಮಗಳು ಜಡೆ ಹಾಕಿಕೊಳ್ಳುವುದನ್ನು ತಾನೇ ಕಲಿತಳು. ಕನ್ನಡಿಯಲ್ಲಿ ನೋಡಿಕೊಂಡು ಹಾಕಿಕೊಳ್ಳುವುದರಿಂದ ಬೈತಲೆ ಯಾವಾಗಲೂ ಬಲಕ್ಕೆ ಓರೆ. ಭಾನುವಾರ ನಾನು ನೇರ ಮಾಡಿ ಹಾಕಲು ಹೋದರೆ, “ಬೇಡಮ್ಮಾ, ನಂಗೆ ಹಿಂಗೇ ಅಭ್ಯಾಸ ಆಗಿದೆ” ಅನ್ನುತ್ತಾಳೆ.

ಕಳೆದ ತಿಂಗಳು ಅಂತರಸನಹಳ್ಳಿ ಕಡೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯಲು ಕರೆದರು. ಸಂಬಳ 14,000, ಮನೆಯಿಂದ ಸಿಟಿ ಬಸ್ಸಿನ ದಾರಿ. ಇವರು ಪೇಪರ್ ಪೆನ್ನು ಹಿಡಿದು ಕೂತರು. ಸಂಬಳದಲ್ಲಿ ಹೋಗುವುದು 9,000. ಬಾಡಿಗೆಯಲ್ಲಿ ಉಳಿದದ್ದು 8,500. ಯಾವುದಕ್ಕೆಂದು ಊರು ಬಿಟ್ಟು ಬಂದೆವೋ ಅದಷ್ಟನ್ನೂ ನುಂಗಿ, ಮೇಲೆ 500 ಕೇಳುತ್ತದೆ. “ನಿನ್ನಿಷ್ಟ” ಎಂದು ಪೆನ್ನಿನ ಕ್ಯಾಪ್ ಹಾಕಿದರು. ನಿಜವಾಗಿಯೂ ನನ್ನಿಷ್ಟಕ್ಕೇ ಬಿಟ್ಟಿದ್ದರು, ಅದೇ ಕಷ್ಟ.

ಮಂಡಿಯವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ. ನಿನ್ನೆ ಪಾಸ್ ಮುಗಿದಿತ್ತು. ಮೂರು ತಿಂಗಳದ್ದು ಒಟ್ಟಿಗೆ ತೆಗೆದರೆ ಕಡಿಮೆಗೆ ಸಿಗುತ್ತದೆ, ಇಷ್ಟು ದಿನ ಹಾಗೇ ಮಾಡುತ್ತಿದ್ದೆ. ಕೌಂಟರಿನವರು ಕೇಳದೆಯೇ ಮೂರು ತಿಂಗಳೆಂದು ಒತ್ತಲು ಹೊರಟರು. ಒಂದು ತಿಂಗಳದ್ದು ಸಾಕು ಎಂದೆ.